ಗಾಡಿ ಹಳೆಯದು, ಬಿಲ್ಲು ಹೊಸದು



ಕಳೆದ ಸಂಚಿಕೆಯಲ್ಲಿ ತೊಗರಿಯ ತೇವಾಂಶ ಮತ್ತು ತೂಕದ ಕೊರತೆಯ ವಿಷಯ ಬರೆದಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ತಾಂಡೂರಿನ ಬಂಧುಗಳೊಬ್ಬರು ತೊಗರಿಯನ್ನು ಬಿಟ್ಟು ಬೇರೆಯೇ ಪ್ರಶ್ನೆ ಕೇಳಿದ್ದಾರೆ. ಫರಸಿ ಕಲ್ಲಿನ ವ್ಯಾಪಾರ ನೋಡಿಕೊಳ್ಳುವ ಅವರ ಮಗನಿಗೆ ಹೈದರಾಬಾದಿನಲ್ಲಿ ಯಾರೋ ಒಂದು ಜರ್ಮನ್ ಕಾರು ತೋರಿಸಿದ್ದಾರಂತೆ. ಹೊಸದಿದ್ದಾಗ 60 ಲಕ್ಷದ್ದು, ಈಗ 15 ಲಕ್ಷಕ್ಕೆ ಕೊಡುತ್ತಾರೆ. “ಇಷ್ಟು ಹಣಕ್ಕೆ ಹೊಸ ದೇಶೀ ಗಾಡಿ ಬರುತ್ತದೆ, ಆದರೆ ಆ ಹೆಸರು ಬರುವುದಿಲ್ಲ. ತಮ್ಮ ಅಭಿಪ್ರಾಯವೇನು?” ಎಂದು ಬರೆದಿದ್ದಾರೆ. ನಮ್ಮ ಮನೆಯಲ್ಲಿ ಇಂಥದ್ದೇ ಒಂದು ಗಾಡಿ ಮೂರು ವರ್ಷದಿಂದ ಇದೆ ಎಂಬುದು ಅವರ ಕಿವಿಗೆ ಬಿದ್ದಿರಬೇಕು. ಹೀಗಾಗಿ ಅಭಿಪ್ರಾಯ ಹೇಳುವುದಕ್ಕಿಂತ ನಮ್ಮ ಖಾತೆಯನ್ನೇ ತೆರೆದಿಡುವುದು ಸರಿಯೆಂದು ತೋರಿತು. ಮನೆಯ ವಿಷಯ ಪತ್ರಿಕೆಯಲ್ಲಿ ಬರೆಯಬೇಡಿರೆಂದು ನಮ್ಮ ಮನೆಯವರು ಹೇಳಿದರು. ಆದರೂ ಬರೆಯುತ್ತಿದ್ದೇವೆ.

ನಮ್ಮದು ಜಹೀರಾಬಾದಿನ ಗಂಜಿನಲ್ಲಿ ಅಡತ ಅಂಗಡಿ. 2022ರ ದೀಪಾವಳಿ ಕಳೆದ ಮೇಲೆ ನಮ್ಮ ಹಿರಿಯ ಮಗ ಆರು ವರ್ಷ ಹಳೆಯದಾದ ಜರ್ಮನ್ ಕಂಪನಿಯ ಡೀಸೆಲ್ ಗಾಡಿಯೊಂದನ್ನು ಹೈದರಾಬಾದಿನಿಂದ ತಂದ. ಮೊದಲ ಮಾಲೀಕರಿಗೆ ಅದು ಎಲ್ಲ ಸೇರಿ 55 ಲಕ್ಷಕ್ಕೆ ಬಿದ್ದಿತ್ತಂತೆ, ನಮಗೆ 16 ಲಕ್ಷಕ್ಕೆ ಸಿಕ್ಕಿತು. “ಅಪ್ಪಾಜಿ, ಇಷ್ಟ್ ಕಮ್ಮಿಗಿ ಇಂಥಾ ಗಾಡಿ ಮತ್ತ ಸಿಗಂಗಿಲ್ಲ” ಎಂದ. ನಾವೂ ಒಪ್ಪಿದೆವು. ತಪ್ಪೆಲ್ಲ ಮಗನ ಮೇಲೆ ಹಾಕುವುದು ನ್ಯಾಯವಲ್ಲ. ಆ ವರ್ಷ ಮಗಳಿಗೆ ವರ ನೋಡುತ್ತಿದ್ದೆವು, ಬಾಗಿಲ ಮುಂದೆ ಅಂಥ ಗಾಡಿ ನಿಂತರೆ ಬೀಗರಾಗುವವರ ಮಾತಿನ ರೀತಿಯೇ ಬೇರೆಯಾಗುತ್ತದೆಂಬುದು ನಮಗೆ ಗೊತ್ತಿತ್ತು. ಗಂಜಿನಲ್ಲಿಯೂ ಪತ ಹೆಚ್ಚಿತೆಂದೇ ತಿಳಿದೆವು. ಕೊಲನುಪಾಕದ ಯಾತ್ರೆಗೆ ಅದರಲ್ಲೇ ಹೋಗಿಬಂದೆವು. ಸೊಂಟನೋವಿನ ನಮ್ಮ ಮನೆಯವರು ಅಷ್ಟು ದೂರ ಹೋಗಿ ಬಂದು, ನೋವಿಲ್ಲದೆ ಇಳಿದದ್ದು ಅದೇ ಮೊದಲು. ಗಾಡಿ ಒಳ್ಳೆಯದೇ, ಅದರ ಗುಣದ ಮೇಲೆ ನಮ್ಮ ದೂರಿಲ್ಲ.

ಮೊದಲ ವರ್ಷದ ಸರ್ವಿಸಿಗೆ 34,600 ರೂಪಾಯಿ ಆಯಿತು. ಏನೂ ಕೆಟ್ಟಿರಲಿಲ್ಲ, ಎಣ್ಣೆ ಬದಲಿ, ಫಿಲ್ಟರ್ ಬದಲಿ, ತಪಾಸಣೆ ಅಷ್ಟೇ. ಆರೂವರೆ ಲೀಟರ್ ಎಣ್ಣೆ, ಅದೂ ಕಂಪನಿ ಒಪ್ಪಿದ ಸಿಂಥೆಟಿಕ್ ಎಣ್ಣೆಯೇ ಆಗಬೇಕು. ಬಿಲ್ಲಿನ ಕೆಳಗೆ ಗಂಟೆಯ ಲೆಕ್ಕದಲ್ಲಿ ಮಜೂರಿ ಬೇರೆ. ಎರಡು ತಿಂಗಳಿಗೆ ಬ್ಯಾಟರಿ ಹೋಯಿತು, 41,000. ನಮ್ಮ ಲಾರಿಗೆ ಹಾಕುವ ಬ್ಯಾಟರಿಗೂ ಇಷ್ಟಾಗುವುದಿಲ್ಲವಲ್ಲ ಎಂದು ಕೇಳಿದ್ದಕ್ಕೆ, ಇದು ಬೇರೆ ಜಾತಿಯದು, ಮೇಲಾಗಿ ಹೊಸ ಬ್ಯಾಟರಿ ಕೂಡಿಸಿದರೆ ಸಾಲದು, ಕೂಡಿಸಿದ್ದೇವೆಂದು ಗಾಡಿಯ ಕಂಪ್ಯೂಟರಿಗೆ ಯಂತ್ರ ಹಚ್ಚಿ ತಿಳಿಸಬೇಕು ಎಂದರು. ಬ್ಯಾಟರಿ ಬದಲಿಸಿದ್ದನ್ನು ಬ್ಯಾಟರಿಗೇ ಗೊತ್ತಿಲ್ಲದ ಕಾಲ ನಮ್ಮದು.

ಎರಡನೆಯ ವರ್ಷ ನಾಲ್ಕೂ ಗಾಲಿಯ ಬ್ರೇಕು. ಪ್ಯಾಡು ಸವೆದರೆ ಪ್ಯಾಡು ಬದಲಿಸಬೇಕೆಂದು ನಾವು ತಿಳಿದಿದ್ದೆವು, ಅಲ್ಲಿ ಡಿಸ್ಕೂ ಸವೆದಿದೆ, ಜೊತೆಗೇ ಬದಲಿಸಬೇಕು ಎಂದರು. ಪ್ಯಾಡು ಸವೆದದ್ದನ್ನು ತಿಳಿಸುವ ಒಂದು ತಂತಿ ಇರುತ್ತದೆ, ಸವೆದ ಮೇಲೆ ಅದೂ ಹೊಸದು ಬೇಕು. ಎಲ್ಲ ಸೇರಿ 1,18,000. ಅದೇ ವರ್ಷ ಟಾಯರು. ಈ ಗಾಡಿಗೆ ಸ್ಟೆಪ್ನಿಯೇ ಇಲ್ಲ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ದಪ್ಪ ಅಂಚಿನ ಟಾಯರು, ಆದ್ದರಿಂದ ಸ್ಟೆಪ್ನಿ ಬೇಡವೆಂದು ಕಂಪನಿಯ ವಾದ. ಜರ್ಮನಿಯ ರಸ್ತೆಯಲ್ಲಿ ಅದು ಸರಿಯಿರಬಹುದು. ಸಿಮೆಂಟಿನ ಲಾರಿಗಳು ಅಗೆದು ಹಾಕಿದ ತಾಂಡೂರಿನ ರಸ್ತೆಯಲ್ಲಿ ಕಲ್ಲಿನ ಚೂರು ಬದಿಗೆ ತಾಗಿ ಎರಡು ಟಾಯರು ಕೊಯ್ದುಹೋದವು. ಬದಿಯಲ್ಲಿ ಕೊಯ್ದರೆ ತೇಪೆ ಹಾಕಲು ಬರುವುದಿಲ್ಲ. ಉಳಿದೆರಡೂ ಸವೆದಿದ್ದವಾದ್ದರಿಂದ ನಾಲ್ಕನ್ನೂ ಹಾಕಿಸಿದೆವು, 92,000.

ಮೂರು ವರ್ಷದ ಲೆಕ್ಕ ಮುನೀಮರು ಬರೆದಿಟ್ಟದ್ದು ಹೀಗಿದೆ. ಮೊದಲ ವರ್ಷ ಸರ್ವಿಸು, ಬ್ಯಾಟರಿ, ವಿಮೆ ಸೇರಿ 1,33,600. ಎರಡನೆಯ ವರ್ಷ ಸರ್ವಿಸು, ಬ್ರೇಕು, ಟಾಯರು, ವಿಮೆ ಸೇರಿ 3,08,200. ಮೂರನೆಯ ವರ್ಷ 2,59,200. ಅದರ ಕಥೆ ಮುಂದೆ ಹೇಳುತ್ತೇವೆ. ಒಟ್ಟು 7,01,000. ಗಾಡಿ ಓಡಿದ್ದು 27,000 ಕಿಲೋಮೀಟರು. ಅಂದರೆ ಕಿಲೋಮೀಟರಿಗೆ ಹತ್ತಿರ ಹತ್ತಿರ 26 ರೂಪಾಯಿ, ಡೀಸೆಲನ್ನು ಇದರಲ್ಲಿ ಹಿಡಿದಿಲ್ಲ.

ವ್ಯಾಪಾರಸ್ಥರು ಇದನ್ನು ನಮ್ಮ ಮಾಲಿನ ಲೆಕ್ಕದಲ್ಲಿ ನೋಡಬೇಕು. ಅಡತಿನಲ್ಲಿ ನೂರಕ್ಕೆ 2 ಉಳಿಯಿತೆಂದು ಹಿಡಿದರೂ ಆ ಬ್ರೇಕಿನ 1,18,000 ಸಂಪಾದಿಸಲು 59 ಲಕ್ಷದ ಮಾಲು ನಮ್ಮ ಕಟ್ಟೆಯ ಮೇಲೆ ಮಾರಾಟವಾಗಬೇಕು. 2025–26ರ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಆ ಭಾವದಲ್ಲಿ 737 ಕ್ವಿಂಟಲ್ ತೊಗರಿ! ಹಮಾಲರು ಹೊತ್ತು, ತೂಗಿ, ಚೀಲ ಹೊಲಿದು, ಉದ್ರಿ ವಸೂಲಿ ಮಾಡಿ, ನಾಲ್ಕು ಗಾಲಿಯ ಬ್ರೇಕು.

ಹೀಗೇಕೆ ಆಗುತ್ತದೆಂದು ನಾವು ಹಲವರನ್ನು ಕೇಳಿದೆವು. ಮ್ಯಾಟ್ರಿಕ್ ಓದಿದ ನಮಗೆ ತಿಳಿದಷ್ಟು ಹೇಳುತ್ತೇವೆ.

ಗಾಡಿಯ ಬೆಲೆ ವರ್ಷ ವರ್ಷ ಇಳಿಯುತ್ತದೆ. ಅದರ ಭಾಗಗಳ ಬೆಲೆ ಇಳಿಯುವುದಿಲ್ಲ. ನಾವು 16 ಲಕ್ಷ ಕೊಟ್ಟೆವೆಂದು ಬ್ರೇಕಿನ ಡಿಸ್ಕಿಗೆ ಗೊತ್ತಿಲ್ಲ. ಅದು 55 ಲಕ್ಷದ ಗಾಡಿಯ ಡಿಸ್ಕು, ಅದೇ ದರ. ಹೊಸತು ಕೊಂಡವನಿಗೆ ಮೊದಲ ಎರಡು ಮೂರು ವರ್ಷ ಕಂಪನಿಯ ವಾರಂಟಿ ಇರುತ್ತದೆ, ಸರ್ವಿಸಿನ ಪ್ಯಾಕೇಜನ್ನೂ ಮುಂಗಡವಾಗಿ ಕೊಂಡಿರುತ್ತಾನೆ, ಆತನಿಗೆ ಬಿಸಿ ತಟ್ಟುವುದಿಲ್ಲ. ಬ್ರೇಕು, ಟಾಯರು, ಬ್ಯಾಟರಿ, ಸಸ್ಪೆನ್ಷನ್ ಎಲ್ಲವೂ ಒಟ್ಟಿಗೆ ಸವೆಯುವ ಹೊತ್ತಿಗೆ ಆತ ಮಾರುತ್ತಾನೆ. ನಾವು ಅಗ್ಗವೆಂದು ತರುತ್ತೇವೆ. 15 ಲಕ್ಷದ ಗಾಡಿ ಇಡುವ ಶಕ್ತಿಯವರು 60 ಲಕ್ಷದ ಗಾಡಿಯ ಬಿಲ್ಲು ಕಟ್ಟಬೇಕಾಗುತ್ತದೆ. ತಾಂಡೂರಿನ ಬಂಧುಗಳು ಕೇಳಿದ ಪ್ರಶ್ನೆಗೆ ಮುಖ್ಯವಾದ ಉತ್ತರ ಇದೇ.

ಎರಡನೆಯದು, ಈ ಗಾಡಿಗಳು ಕಡಿಮೆ. ನಮ್ಮ ದೇಶದಲ್ಲಿ ನೂರು ಕಾರು ಮಾರಿದರೆ ಈ ವರ್ಗದ್ದು ಒಂದರ ಆಸುಪಾಸು. ಪುಣೆಯ ಹತ್ತಿರ ಚಾಕಣದಲ್ಲಿ, ಚೆನ್ನೈಯಲ್ಲಿ, ಔರಂಗಾಬಾದಿನಲ್ಲಿ ಇವುಗಳ ಕಾರ್ಖಾನೆಗಳಿವೆ ನಿಜ, ಆದರೆ ಭಾಗಗಳನ್ನು ಹೊರದೇಶದಿಂದ ತಂದು ಇಲ್ಲಿ ಜೋಡಿಸುವುದೇ ಹೆಚ್ಚು. ಕಡಿಮೆ ಖಪುವಿನ ಮಾಲನ್ನು ಯಾವ ಅಂಗಡಿಯವನೂ ತಂದಿಟ್ಟುಕೊಳ್ಳುವುದಿಲ್ಲ. ನಮ್ಮ ಹಳೆಯ ಅಂಬಾಸಡರಿಗೆ ಏನು ಬೇಕಾದರೂ ಸಿಕಂದರಾಬಾದಿನ ರಾಣಿಗಂಜಿನಲ್ಲಿ ಹತ್ತು ಅಂಗಡಿ ತಿರುಗಿ, ಚೌಕಾಸಿ ಮಾಡಿ, ಸಂಜೆಯ ಬಸ್ಸಿಗೆ ತಂದುಬಿಡುತ್ತಿದ್ದೆವು. ನಮ್ಮ ಜಹೀರಾಬಾದು ಗಾಡಿಯ ವಿಷಯದಲ್ಲಿ ತೀರ ಹಿಂದುಳಿದ ಊರೂ ಅಲ್ಲ. 1980ರ ದಶಕದಲ್ಲಿ ಇಲ್ಲಿ ಆಲ್ವಿನ್ ನಿಸ್ಸಾನ್ ಲಾರಿ ತಯಾರಾಗುತ್ತಿತ್ತು, ಆ ಕಾರ್ಖಾನೆ ಮಹೀಂದ್ರಾದವರ ಕೈಗೆ ಹೋಯಿತು, ಈಗ ಟ್ರ್ಯಾಕ್ಟರ್ ತಯಾರಾಗುತ್ತದೆ. ಹೀಗಾಗಿ ಪಾನೆ ಹಿಡಿಯಬಲ್ಲ ಕೈಗಳು ಓಣಿಗೊಂದು ಇವೆ. ಲಾರಿಯ ಗೇರುಬಾಕ್ಸು ಬಿಚ್ಚಿ ರಾತ್ರಿಯೊಳಗೆ ಕೂಡಿಸುವ ನಮ್ಮ ಮಿಸ್ತ್ರಿ ಈ ಗಾಡಿಯ ಬಾನೆಟ್ ಎತ್ತಿ ಎಣ್ಣೆ ನೋಡುವ ಕಡ್ಡಿಯನ್ನು ಹುಡುಕಿದ, ಹುಡುಕಿದ, ಕಡ್ಡಿಯೇ ಇಲ್ಲ. ಎಣ್ಣೆ ಎಷ್ಟಿದೆಯೆಂಬುದನ್ನು ಒಳಗೆ ಪರದೆಯ ಮೇಲೆ ನೋಡಬೇಕು. “ಸೇಟ್‌ಜೀ, ಇದರಾಗ ಕೈ ಹಾಕ್ಲಾಕ್ ಜಾಗಾನೇ ಇಲ್ರಿ” ಎಂದು ಬಾನೆಟ್ ಮುಚ್ಚಿದ.

ಕೈ ಹಾಕಲು ಜಾಗ ಕೊಡದಿರುವುದು ಆಕಸ್ಮಿಕವೇನಲ್ಲ. 2011ರಲ್ಲಿ ಒಬ್ಬ ಗ್ರಾಹಕರು ಭಾರತದ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು, ಕಾರಿನ ಕಂಪನಿಗಳು ಅಸಲಿ ಬಿಡಿಭಾಗಗಳನ್ನೂ ತಪಾಸಣೆಯ ಯಂತ್ರಗಳನ್ನೂ ಹೊರಗಿನ ಮಿಸ್ತ್ರಿಗಳಿಗೆ ಸಿಗದಂತೆ ಮಾಡಿವೆ ಎಂದು. ಆಯೋಗ ವಿಚಾರಣೆ ನಡೆಸಿ, 2014ರ ಆಗಸ್ಟ್ 25ರಂದು ದೇಶೀ ವಿದೇಶಿ ಎನ್ನದೆ 14 ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೇಲ್ಪಟ್ಟು ದಂಡ ಹಾಕಿತು. ವಹಿವಾಟಿನ ಶೇಕಡಾ 2ರ ಲೆಕ್ಕ ಅದು. ಕಂಪನಿಗಳು ಮೇಲಕ್ಕೆ ಹೋದವು, ವ್ಯಾಜ್ಯ ವರ್ಷಗಟ್ಟಲೆ ಬೆಳೆಯಿತು. ಒಬ್ಬನೇ ಅಂಗಡಿಯವನ ಹತ್ತಿರ ಸಿಗುವ ಮಾಲಿಗೆ ಆತ ಹೇಳಿದ್ದೇ ಭಾವ ಎಂಬುದು ಗಂಜಿನಲ್ಲಿ ಕುಳಿತ ನಮಗೆ ಯಾರೂ ಕಲಿಸಬೇಕಾಗಿಲ್ಲ.

ತೆರಿಗೆಯ ವಿಷಯದಲ್ಲಿ ನಮ್ಮವರಲ್ಲಿ ಅನೇಕರಿಗೆ ಒಂದು ತಪ್ಪು ತಿಳಿವಳಿಕೆ ಇದೆ, ನಮಗೂ ಇತ್ತು. ಗಾಡಿಯನ್ನು ಪೇಢಿಯ ಹೆಸರಿನಲ್ಲಿ ಕೊಂಡರೆ ಸರ್ವಿಸಿನ ಬಿಲ್ಲಿನ ಜಿಎಸ್‌ಟಿ ನಮ್ಮ ತೆರಿಗೆಯಲ್ಲಿ ವಜಾ ಆಗುತ್ತದೆ ಎಂದು. ಆಗುವುದಿಲ್ಲ. ಮಾಲು ಸಾಗಿಸುವ ಲಾರಿಗೆ ಆ ಸೌಲಭ್ಯ ಇದೆ. ನಾವು ನೀವು ಕುಳಿತು ಓಡಾಡುವ ಕಾರಿಗೆ, ಅದರ ರಿಪೇರಿ ಮತ್ತು ವಿಮೆಗೆ ಜಿಎಸ್‌ಟಿ ಕಾನೂನಿನ 17(5)ನೇ ಕಲಮು ಅದನ್ನು ತಡೆಯುತ್ತದೆ. ಬಾಡಿಗೆಗೆ ಓಡಿಸುವವರು, ಕಾರು ಮಾರುವವರು, ಡ್ರೈವಿಂಗ್ ಕಲಿಸುವವರು ಮುಂತಾದವರಿಗೆ ಮಾತ್ರ ವಿನಾಯಿತಿ. ಬಿಡಿಭಾಗಗಳ ಮೇಲೆ ಶೇಕಡಾ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯಿತು, ಅಷ್ಟು ಹಗುರಾಯಿತು. ನಮ್ಮ ದೊಡ್ಡ ಬಿಲ್ಲುಗಳೆಲ್ಲ ಅದಕ್ಕಿಂತ ಮುಂಚೆಯೇ ಕಟ್ಟಿಯಾಗಿದ್ದವು.

ವಿಮೆಯಿದೆಯಲ್ಲ ಎನ್ನುವವರೂ ಇದ್ದಾರೆ. ವಿಮೆ ಅಪಘಾತಕ್ಕೆ. ಸವೆತಕ್ಕೆ, ಸರ್ವಿಸಿಗೆ ವಿಮೆ ಒಂದು ಕಾಸು ಕೊಡುವುದಿಲ್ಲ. ಅಪಘಾತದಲ್ಲಿಯೂ ಹಳೆಯ ಗಾಡಿಗೆ ರಬ್ಬರು, ಪ್ಲಾಸ್ಟಿಕ್ಕು, ಟಾಯರು, ಬ್ಯಾಟರಿಯ ಬೆಲೆಯಲ್ಲಿ ಅರ್ಧವನ್ನು ಕಡಿದೇ ಕೊಡುವುದು ಸಾಮಾನ್ಯ ಪಾಲಿಸಿಯ ನಿಯಮ.

ಇನ್ನು ಮೂರನೆಯ ವರ್ಷದ ಕಥೆ. ನಮ್ಮ ಅಕ್ಕನವರು ನಾರಾಯಣಖೇಡದಲ್ಲಿದ್ದಾರೆ, ಎಂಬತ್ತರ ಹತ್ತಿರದವರು. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅವರಿಗೆ ಉಸಿರಾಟದ ತೊಂದರೆಯಾಗಿ, ಬೇಗ ಬರಬೇಕೆಂದು ಫೋನು ಬಂತು. ನಾವು, ನಮ್ಮ ಮನೆಯವರು, ಮಗ ಹೊರಟೆವು. ಅರ್ಧ ದಾರಿಯಲ್ಲಿ ಗಾಡಿಯ ಹಿಂಭಾಗ ಎಮ್ಮೆ ಕುಳಿತ ಹಾಗೆ ಕುಳಿತುಬಿಟ್ಟಿತು. ಪರದೆಯ ಮೇಲೆ ಕೆಂಪು ಅಕ್ಷರ. ಈ ಗಾಡಿಗೆ ಹಿಂದಿನ ಗಾಲಿಗಳ ಮೇಲೆ ಸ್ಪ್ರಿಂಗಿನ ಬದಲು ಗಾಳಿಯ ರಬ್ಬರು ಚೀಲಗಳಿವೆ. ರಬ್ಬರಿಗೆ ಆಯುಷ್ಯ ಇದೆ, ಎಂಟು ಹತ್ತು ವರ್ಷಕ್ಕೆ ಸೀಳುತ್ತದೆ. ಹೆದ್ದಾರಿಯಲ್ಲಿ ತೇಲಿದ ಹಾಗೆ ಒಯ್ಯುತ್ತಿದ್ದದ್ದು ಇದೇ ಚೀಲ. ಗಾಲಿಗೆ ಮೈ ತಾಗುತ್ತಿತ್ತು, ಮುಂದೆ ಹೋಗುವಂತಿರಲಿಲ್ಲ. ಹಗ್ಗ ಕಟ್ಟಿ ಎಳೆಯಬಾರದು, ಗೇರುಬಾಕ್ಸು ಹೋಗುತ್ತದೆ, ಮೇಲೆ ಹೊತ್ತೊಯ್ಯುವ ಲಾರಿಯೇ ಬೇಕು ಎಂದು ಫೋನಿನಲ್ಲಿ ಹೇಳಿದರು. ಅದು ಹೈದರಾಬಾದಿನಿಂದ ಬರಬೇಕು. ಮಗನನ್ನು ಗಾಡಿಯ ಹತ್ತಿರ ಬಿಟ್ಟು ನಾವಿಬ್ಬರೂ ಮಳೆಯಲ್ಲಿ ಮುಕ್ಕಾಲು ಗಂಟೆ ನಿಂತೆವು. ಕೊನೆಗೆ ಒಂದು ಹಾಲಿನ ಗಾಡಿಯವನು ಕ್ಯಾನುಗಳನ್ನು ಸರಿಸಿ ನಮ್ಮ ಮನೆಯವರಿಗೆ ಮುಂದೆ ಜಾಗ ಕೊಟ್ಟ. ನಾವು ಹಿಂದೆ ಕ್ಯಾನುಗಳ ನಡುವೆ. ತಲುಪಿದಾಗ ಬೆಳಗಿನ ಜಾವ. ದೈವವಶಾತ್ ಅಕ್ಕನವರು ಸುಧಾರಿಸಿದ್ದರು, ಪಕ್ಕದ ಕಿರಾಣಿ ಅಂಗಡಿಯವರು ತಮ್ಮ ಹಳೆಯ ಮಾರುತಿಯಲ್ಲಿ ಕೂಡಿಸಿ ದವಾಖಾನೆಗೆ ಒಯ್ದಿದ್ದರು. ಆ ಮಾರುತಿಗೆ ಹದಿನಾಲ್ಕು ವರ್ಷ. ಅದರ ಸರ್ವಿಸಿಗೆ ಎಷ್ಟಾಗುತ್ತದೆಂದು ಮರುದಿನ ಕೇಳಿದೆವು, ಅವರಿಗೆ ನೆನಪಿರಲಿಲ್ಲ.

ಹೊತ್ತೊಯ್ದ ಲಾರಿಗೆ 9,500. ಎರಡೂ ಚೀಲ, ಗಾಳಿ ತುಂಬುವ ಪಂಪು, ಮಜೂರಿ ಸೇರಿ 1,64,000.

ಸಣ್ಣಪುಟ್ಟವೂ ಇವೆ. ಇಂಥ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಜಾಲರಿ ಇರುತ್ತದೆ. ಮನೆಯಿಂದ ಗಂಜಿಗೆ, ಗಂಜಿನಿಂದ ಮನೆಗೆ ಎಂದು ಎರಡೆರಡು ಕಿಲೋಮೀಟರು ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ. ಮಸಿ ಸುಟ್ಟುಹೋಗಲು ಗಾಡಿ ಒಂದೇ ಸಮನೆ ವೇಗವಾಗಿ ಸ್ವಲ್ಪ ಹೊತ್ತು ಓಡಬೇಕು. ಹೀಗಾಗಿ ನಮ್ಮ ಮಗ ತಿಂಗಳಿಗೊಮ್ಮೆ ಯಾವ ಕೆಲಸವೂ ಇಲ್ಲದೆ ಸದಾಶಿವಪೇಟೆಗೆ ಹೋಗಿ ಬರುತ್ತಿದ್ದ. ಮೊದಮೊದಲು ಬೇರೆ ಏನೋ ಇರಬೇಕೆಂದು ನಮಗೆ ಅನುಮಾನ ಬಂದದ್ದುಂಟು. ತಾಂಡೂರಿನಲ್ಲಿ ಪಾಲಿಶ್ ಯಂತ್ರಗಳ ಕಲ್ಲಿನ ಧೂಳು ಏರುವಲ್ಲಿ ಫಿಲ್ಟರುಗಳು ಪುಸ್ತಕದಲ್ಲಿ ಬರೆದ ಅವಧಿಗಿಂತ ಮೊದಲೇ ಮುಚ್ಚಿಹೋಗುತ್ತವೆ, ನಮ್ಮ ಬಂಧುಗಳು ಇದನ್ನೂ ಗಮನಿಸಬೇಕು.

ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ 1912ರ ಹಳದಿ ರೋಲ್ಸ್ ರಾಯ್ಸ್ ಇಟ್ಟಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿರಿ. ಅಂಥ ನಿಜಾಮರ ಮನೆಯಲ್ಲಿಯೂ ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು.

ಇನ್ನೊಂದು ವಿಷಯ ಬರೆಯುವುದೋ ಬಿಡುವುದೋ ಎಂದು ಎರಡು ದಿನ ಯೋಚಿಸಿದೆವು. ಬ್ರೇಕಿನ ಬಿಲ್ಲು ಬಂದ ವಾರವೇ ನಮ್ಮ ಮುನೀಮರು ಮಗಳ ಕಾಲೇಜು ಫೀಸಿಗೆಂದು 40,000 ಮುಂಗಡ ಕೇಳಿದ್ದರು. ನಮ್ಮಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದವರು. “ಸುಗ್ಗಿ ಮುಗೀಲಿ, ನೋಡೋಣು” ಎಂದಿದ್ದೆವು. ಕೈಯಲ್ಲಿ ರೋಖು ಇರಲಿಲ್ಲ ಎಂಬುದೂ ಸುಳ್ಳಲ್ಲ. ಆದರೆ ಎರಡು ದಿನ ಬಿಟ್ಟು ಮಗ ಫೋನಿನಿಂದಲೇ 1,18,000 ಕಟ್ಟಿದ. ಆ ರಕಮನ್ನು ಕಿರ್ದಿಯಲ್ಲಿ ಬರೆದವರು ಅದೇ ಮುನೀಮರು. “ಸಾವಕಾರ್ರೆ, ಇದನ್ನ ಯಾವ ಖಾತೆಗಿ ಹಾಕ್ಲಿ?” ಎಂದು ಅಷ್ಟೇ ಕೇಳಿದರು. ಫೀಸಿನ ಹಣವನ್ನು ಅವರು ಬೇರೆಯವರಿಂದ ಬಡ್ಡಿಗೆ ತಂದರೆಂದು ನಮಗೆ ತಿಳಿದದ್ದು ಆರು ತಿಂಗಳ ಮೇಲೆ. ಸಾಲ ತೀರಿಸಿದೆವು, ಪಗಾರವನ್ನೂ ಹೆಚ್ಚಿಸಿದೆವು. ಆದರೂ ಆ ಕಿರ್ದಿಯ ಪುಟ ತಿರುವಿದಾಗ ಅವರ ಅಕ್ಷರ ನೋಡುವುದು ನಮಗೆ ಕಷ್ಟ.

ಇಷ್ಟಾದರೂ ಕೊಳ್ಳಲೇಬೇಕೆಂದು ತಾಂಡೂರಿನ ಹುಡುಗ ಹಟ ಹಿಡಿದರೆ, ಮೊದಲು ಗಾಡಿಯ ಚಾಸಿ ನಂಬರು ತೆಗೆದುಕೊಂಡು ಕಂಪನಿಯ ಸರ್ವಿಸ್ ಸ್ಟೇಷನ್ನಿನಲ್ಲಿ ಹಳೆಯ ದಾಖಲೆ ತೆಗೆಸಲಿ. ಅಲ್ಲಿಯೇ ಹಣ ಕೊಟ್ಟು ಪೂರ್ಣ ತಪಾಸಣೆ ಮಾಡಿಸಿ, ಇನ್ನೆರಡು ವರ್ಷದಲ್ಲಿ ಏನೇನು ಬದಲಿಸಬೇಕಾದೀತು, ಇಂದಿನ ದರ ಎಷ್ಟು ಎಂದು ಬರಹದಲ್ಲಿ ಕೇಳಲಿ. ಬ್ರೇಕು, ಟಾಯರು, ಬ್ಯಾಟರಿ, ಸಸ್ಪೆನ್ಷನ್, ಈ ನಾಲ್ಕರ ಮೊತ್ತವನ್ನು ಗಾಡಿಯ ಬೆಲೆಗೆ ಕೂಡಿಸಿ ಆಮೇಲೆ ಅಗ್ಗವೋ ತುಟ್ಟಿಯೋ ಹೇಳಲಿ. ಗಾಡಿ ದೆಹಲಿಯದಾದರೆ ಇನ್ನೂ ಎಚ್ಚರ ಬೇಕು. 10 ವರ್ಷ ಮೀರಿದ ಡೀಸೆಲ್ ಗಾಡಿಗಳನ್ನು ಅಲ್ಲಿ ಓಡಿಸಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದ ಮೇಲೆ ಅಂಥ ಗಾಡಿಗಳು ಅಗ್ಗವಾಗಿ ದಕ್ಷಿಣಕ್ಕೆ ಬರತೊಡಗಿದವು. ಇಲ್ಲಿ ನೋಂದಣಿ ಮಾಡಿಸುವಾಗ ತೆರಿಗೆಯನ್ನು ಮತ್ತೆ ಕಟ್ಟಬೇಕು, ಅದನ್ನು ಮಾರುವವರು ಮೊದಲೇ ಹೇಳುವುದಿಲ್ಲ.

2025ರ ದೀಪಾವಳಿಗೆ ಹೊಸ ವಹಿ ಪೂಜೆ ಮಾಡುವಾಗ ನಮ್ಮ ಮಗ ತಾನಾಗಿಯೇ ಗಾಡಿ ಮಾರೋಣವೆಂದ. ನಾವು ಒತ್ತಾಯಿಸಿರಲಿಲ್ಲ. ಹೈದರಾಬಾದಿನ ದಲ್ಲಾಳಿಗಳು ಏಳೂವರೆ ಲಕ್ಷ ಎಂದರು. ಹಾಗಾದರೆ ಬೆಲೆಯಲ್ಲಿ ಎಂಟೂವರೆ ಲಕ್ಷ ಹೋಯಿತು, ಖರ್ಚು ಏಳು ಲಕ್ಷ. ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 43,000. ಮಗಳ ಲಗ್ನವಾಯಿತು, ಬೀಗರು ಸಜ್ಜನರು. ಗಾಡಿಯನ್ನು ಅವರು ಗಮನಿಸಿಯೇ ಇರಲಿಲ್ಲವಂತೆ.

ಈಗ ಮನೆಯಲ್ಲಿ ನಡೆದಿರುವುದು ಬೇರೆ ಚರ್ಚೆ. ಮೂರು ವರ್ಷದ ಬಿಲ್ಲುಗಳನ್ನೆಲ್ಲ ಮುನೀಮರು ಒಂದು ಫೈಲಿನಲ್ಲಿ ಹಾಕಿಟ್ಟಿದ್ದಾರೆ. ಕೊಳ್ಳಲು ಬಂದವರಿಗೆ ಮೊದಲು ಅದನ್ನು ತೋರಿಸಬೇಕೆಂದು ನಾವು ಹೇಳಿದ್ದೇವೆ. ನಮಗೆ ಮಾರಿದವರು ತೋರಿಸಿರಲಿಲ್ಲ. ಮಗನ ವಾದವೂ ಪೂರ್ತಿ ತಪ್ಪಲ್ಲ. ಆ ಬಿಲ್ಲುಗಳೆಂದರೆ ಬ್ರೇಕು, ಟಾಯರು, ಚೀಲ ಎಲ್ಲ ಹೊಸದು ಎಂಬ ಸಾಕ್ಷಿಯೂ ಹೌದು, ಬೆಲೆ ಏರಬೇಕು ಎನ್ನುತ್ತಾನೆ. ಆದರೆ ಮೊದಲು ಬಂದ ಸಂಗಾರೆಡ್ಡಿಯ ಗಿರಾಕಿ ಫೈಲು ತಿರುವಿ, ಮೂರನೆಯ ವರ್ಷದ ಬಿಲ್ಲಿಗೆ ಬಂದಾಗ ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಎರಡನೆಯವನು ಬೀದರಿನವನು, ಮುಂದಿನ ಭಾನುವಾರ ಬರುತ್ತೇನೆಂದಿದ್ದಾನೆ, ಸಣ್ಣ ವಯಸ್ಸಿನವನು, ಈಗಷ್ಟೇ ಅಂಗಡಿ ಹಾಕಿದ್ದಾನಂತೆ. “ಅಪ್ಪಾಜಿ, ಆತ ಕೇಳಿದ್ರ ತೋರ್ಸೋಣು, ಕೇಳ್ದಿದ್ರ ನಾವಾಗೇ ಯಾಕ?” ಎಂದು ಮಗ ನಿನ್ನೆ ರಾತ್ರಿಯೂ ಕೇಳಿದ. ಫೈಲನ್ನು ತಂದು ನಮ್ಮ ಗಾದಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದೇವೆ.